ಮೂರು ಕ್ಯಾಲ್ಕ್ಯುಲೇಟರ್, ಒಂದೇ ಲೆಕ್ಕ

ಏನನ್ನೇ ಕೊಳ್ಳುವ ಮೊದಲು ನಾನು ಪಟ್ಟಿ ಮಾಡುತ್ತೇನೆ. ಮಿಕ್ಸರ್, ಕನ್ನಡಕದ ಫ್ರೇಮ್, ಪ್ರಯಾಣದ ಚೀಲ, ಯಾವುದಕ್ಕೂ ವಿನಾಯಿತಿಯಿಲ್ಲ. ಹನ್ನೊಂದನೇ ತರಗತಿಯ ಮೊಮ್ಮಗಳಿಗೆ ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಬೇಕಾದಾಗಲೂ ಹಾಗೆಯೇ ಮಾಡಿದೆ.

ಅವಳು ಓದುವುದು ಠಾಣೆ ನಗರದಲ್ಲಿ, ವಿದೇಶಿ ಪಠ್ಯಕ್ರಮದ ಶಾಲೆಯಲ್ಲಿ. ಅಲ್ಲಿ ಗಣಿತದ ಒಂದು ಪತ್ರಿಕೆಯನ್ನು ಈ ಯಂತ್ರವಿಲ್ಲದೆ ಬರೆಯಲಾಗದು. ಸಮೀಕರಣ ಒತ್ತಿದರೆ ಅದರ ರೇಖೆಯನ್ನು ಪರದೆಯ ಮೇಲೆ ಎಳೆದು ತೋರಿಸುತ್ತದೆ. ಹಿಂದಿನ ಪರೀಕ್ಷೆಗೆ ಶಾಲೆಯವರೇ ಒಂದನ್ನು ಕೊಟ್ಟಿದ್ದರು. ಗುಂಡಿ ಹುಡುಕುವುದರಲ್ಲೇ ಸಮಯ ಕಳೆದು, ಎರಡು ಪ್ರಶ್ನೆ ಬಿಟ್ಟು ಬಂದಿದ್ದಳು. ಮುಂದಿನ ಪರೀಕ್ಷೆಗೆ ಮೂರು ವಾರವಿತ್ತು. ಮತ್ತೆ ಹೀಗಾದರೆ ಮೇಲಿನ ಹಂತದ ಗಣಿತ ಬಿಡಬೇಕಾಗುತ್ತದೆ ಎಂದು ಶಿಕ್ಷಕಿ ಹೇಳಿದ್ದರು. ಅವಳಿಗೆ ಗಣಿತದಷ್ಟು ಪ್ರೀತಿಯ ವಿಷಯ ಇನ್ನೊಂದಿಲ್ಲ.

ಡೊಂಬಿವಲಿಯ ನಮ್ಮ ಊಟದ ಮೇಜಿನ ಮುಂದೆ ಎರಡು ಸಂಜೆ ಕುಳಿತೆ. ಅಡ್ಡಕ್ಕೆ ಮೂರು ಮಾದರಿ ಬರೆದೆ, ಕಪ್ಪು, ಬಿಳಿ, ನೀಲಿ. ಕೆಳಗೆ ಪರೀಕ್ಷೆಗೆ ಅನುಮತಿ, ಪರದೆ, ಬ್ಯಾಟರಿ, ತೂಕ, ವಾರಂಟಿ. ಅನುಮತಿ ಮೂರಕ್ಕೂ ಇತ್ತು. ಉಳಿದವಕ್ಕೆ ಹತ್ತರಲ್ಲಿ ಅಂಕ ಕೊಟ್ಟೆ. ನೀಲಿ ಗೆದ್ದಿತು. ಬಣ್ಣವಿಲ್ಲದ ಪರದೆ, ಸೆಲ್ ಹಾಕುವ ರಗಳೆ ಎಂದು ಕಪ್ಪು ಕೊನೆಗೆ ಬಿತ್ತು.

ಪಟ್ಟಿಯನ್ನು ಮೊಮ್ಮಗಳ ಮುಂದಿಟ್ಟು, “ಸರಿ ಉಂಟಾ?” ಎಂದು ಕೇಳಿದೆ.

“ಹಾಂ ಅಜ್ಜಿ, ಚಲೇಗಾ, ನಡೀತದೆ,” ಎಂದಳು.

ಶನಿವಾರ ಬೆಳಿಗ್ಗೆ ಠಾಣೆಯ ಅಂಗಡಿಗೆ ಹೋದೆವು. ಮೂರನ್ನೂ ಸಾಲಾಗಿ ಇಡಿಸಿದೆ. ಅಂಗಡಿಯಾತ ನಕ್ಕು, “ಆಜಿ, ಬಹೂ ದೇಖನೇ ಆಯೀ ಹೋ ಕ್ಯಾ?” ಎಂದ. ಸೊಸೆಯಾಗಿ ಬರುವವಳನ್ನು ನೋಡದೆ ಮನೆ ತುಂಬಿಸಿಕೊಳ್ಳುತ್ತಾರೆಯೇ ಎಂದು ನಾನೂ ಹಿಂದಿಯಲ್ಲೇ ಕೇಳಿದೆ. ಬಳಿಕ ಮೊಮ್ಮಗಳಿಗೆ ಅವಳ ಪುಸ್ತಕದ ಒಂದೇ ಲೆಕ್ಕವನ್ನು ಮೂರರಲ್ಲೂ ಮಾಡಲು ಹೇಳಿ ಕೈಗಡಿಯಾರ ನೋಡುತ್ತ ನಿಂತೆ.

ನೀಲಿಯಲ್ಲಿ ಎರಡು ನಿಮಿಷ ಕಳೆದರೂ ರೇಖೆ ಮೂಡಲಿಲ್ಲ. ಅವಳ ಕಿವಿ ಕೆಂಪಾಯಿತು. “ಮನೆಗೆ ಹೋಗಿ ಕಲೀತೇನೆ,” ಎಂದಳು. ಬಿಳಿಯದೂ ಹೆಚ್ಚುಕಡಿಮೆ ಹಾಗೆಯೇ. ಕಪ್ಪನ್ನು ಕೈಗೆತ್ತಿಕೊಂಡವಳು ಗುಂಡಿಗಳತ್ತ ನೋಡಲೇ ಇಲ್ಲ. ಅರ್ಧ ನಿಮಿಷದೊಳಗೆ ಉತ್ತರ ಬಂತು.

“ಇದು ನಿನಗೆ ಹೇಗೆ ಗೊತ್ತು?”

“ಫ್ರೆಂಡ್ ಹತ್ರ ಇದೇ ಉಂಟು. ಒಂದು ತಿಂಗಳಿಂದ ಸ್ಕೂಲಿಗೆ ಹೋಗುವಾಗ ಟ್ರೇನಲ್ಲಿ ಇದರಲ್ಲೇ ಪ್ರಾಕ್ಟೀಸ್ ಮಾಡ್ತೇವೆ.”

“ಮತ್ತೆ ಮೊದಲೇ ಹೇಳ್ಲಿಕ್ಕೆ ಏನಾಗಿತ್ತು?”

“ನೀವು ಎರಡು ದಿವಸ ಕೂತು ಅಷ್ಟು ನೀಟಾಗಿ ಲಿಸ್ಟ್ ಮಾಡಿದ್ರಿ. ಕೈಸೇ ಬೋಲೂಂ, ಹೇಗೆ ಹೇಳುದು?”

“ಬಾಯಿ ಉಂಟಲ್ಲ, ಅದರಿಂದ.”

ಗದರಿದೆನಾದರೂ ತಪ್ಪು ನನ್ನದೇ. ನಾನು ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವಳು. ಕಚೇರಿಗೆ ಹೊಸ ಯಂತ್ರ ಬಂದಾಗ, ಅದು ಹಳೆಯದಕ್ಕಿಂತ ಎಷ್ಟೇ ಚೆನ್ನಾಗಿದ್ದರೂ, ತಿಂಗಳುಗಟ್ಟಲೆ ಬೆರಳು ಹಳೆಯ ಜಾಗಕ್ಕೇ ಹೋಗುತ್ತಿತ್ತು. ಇಷ್ಟು ಗೊತ್ತಿದ್ದೂ ತೂಕಕ್ಕೆ, ಪರದೆಗೆ ಅಂಕ ಕೊಟ್ಟ ನಾನು ಬೆರಳಿನ ರೂಢಿಗೆ ಒಂದು ಸಾಲೂ ಇಟ್ಟಿರಲಿಲ್ಲ. ಅವಳನ್ನು ಸರಿಯಾಗಿ ಕೇಳಿಯೂ ಇರಲಿಲ್ಲ.

ಕಪ್ಪನ್ನೇ ಕೊಂಡೆವು. ಜೊತೆಗೆ ಒಂದು ಜೋಡಿ ಹೆಚ್ಚುವರಿ ಸೆಲ್.

ಪರೀಕ್ಷೆಯ ದಿನ ಬಾಗಿಲಲ್ಲೇ ಚಪ್ಪಲಿ ಬಿಡುತ್ತ, “ಎಲ್ಲಾ ಕ್ವೆಶ್ಚನ್ ಬರೆದೆ ಅಜ್ಜಿ,” ಎಂದಳು.

“ಎಷ್ಟು ಸರಿ?”

“ಅದು ನೀವು ಮ್ಯಾಡಮ್ ಹತ್ರ ಕೇಳ್ಬೇಕು.”

ಮರುವಾರ ಅಂಕ ಬಂತು. ಗಣಿತ ಬಿಡುವ ಮಾತನ್ನು ಶಿಕ್ಷಕಿ ಮತ್ತೆ ಎತ್ತಲಿಲ್ಲ.