ಹಸು ಬತ್ತಿದ ಮನೆ

ಗೌರಕ್ಕ ತುಟಿ ಅಲ್ಲಾಡಿಸದೆ ಮಾತಾಡುತ್ತಿದ್ದಳು. ಕಣ್ಣು ಫ್ಯಾಟು ನೋಡುವ ಯಂತ್ರದ ಮೇಲೆ, ಕೈ ಅಳತೆಯ ಪಾತ್ರೆಯ ಮೇಲೆ. ಮಾತು ಮಾತ್ರ ಎದುರಿಗೆ ನಿಂತವರ ಕಿವಿಗೆ. ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ನೋಡಿದವರಿಗೆ ಹಾಲಿನ ಡಿಗ್ರಿ ಹೇಳುತ್ತಿದ್ದಾಳೆ ಅನ್ನಿಸಬೇಕು, ಅಷ್ಟೆ.

ದಾಬಸ್‌ಪೇಟೆಯ ಕಡೆಯಿಂದ ಕಾರ್ಖಾನೆಗಳು ನಮ್ಮ ಹೊಲಗಳತ್ತ ಬರುತ್ತಿದ್ದ ಕಾಲ. ಜಮೀನು ಕೊಡುವುದಿಲ್ಲ ಎಂದು ಊರು ಹಟ ಹಿಡಿದಿತ್ತು. ಅದಕ್ಕೊಂದು ವಾಟ್ಸಾಪ್ ಗ್ರೂಪು. ಅದರಲ್ಲಿ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನದೊಳಗೆ ಪೊಲೀಸರಿಗೆ ಗೊತ್ತಾಗುತ್ತಿತ್ತು. ಮುಟ್ಟಿಸುವವನು ಯಾರೆಂದು ತಿಳಿಯಲಿಲ್ಲ.

"ಫೋನ್‌ನಾಗೆ ಹಬ್ಬದ ಶುಭಾಶಯ ಹಾಕ್ರಪ್ಪ, ಸಾಕು," ಎಂದಳು ಗೌರಕ್ಕ. "ಎರಡ್ ಹೊತ್ತೂ ಊರೇ ನನ್ ಮುಂದೆ ಸಾಲಾಗ್ ನಿಂತ್ಕತೈತೆ. ಇನ್ಯಾವ್ ಗ್ರೂಪ್ ಬೇಕು?"

ಅಂದಿನಿಂದ ಸುದ್ದಿಯೆಲ್ಲ ಹಾಲಿನ ಸಾಲಿನಲ್ಲೇ ಓಡಾಡಿತು. ಕಾನ್‌ಸ್ಟೇಬಲ್ ಒಬ್ಬ ದಿನವೂ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. "ಏನಮ್ಮ ಅದು ಪಿಸುಪಿಸು?" ಎಂದರೆ, "ನಿಮ್ ಸಾಹೇಬ್ರ ಮನೆ ಹಾಲ್ಗೆ ನೀರ್ ಎಷ್ಟ್ ಹಾಕ್ಬೇಕು ಅಂತ ಕೇಳ್ತಾವ್ರೆ ಸಾರ್," ಎನ್ನುತ್ತಿದ್ದಳು.

ಅವಳ ಏರ್ಪಾಟಿನಲ್ಲಿ ಒಂದೇ ಕೊರತೆ. ಹಸು ಬತ್ತಿದ ಮನೆಯವರು ಡೈರಿಗೆ ಬರುವುದಿಲ್ಲ. ಅಂಥ ಮನೆಗಳಿಗೆ ಸುದ್ದಿ ಮುಟ್ಟಿಸುವುದನ್ನು ಅವಳು ಪಕ್ಕದವರಿಗೆ ಒಪ್ಪಿಸುತ್ತಿದ್ದಳು. ನಮ್ಮ ಹಿತ್ತಿಲ ಆಚೆಯ ಚಿಕ್ಕಣ್ಣನ ಮನೆ ನನ್ನ ಪಾಲಿಗೆ ಬಂತು. ಅವರ ಹಸು ತುಂಬು ಗಬ್ಬ, ಹಾಲು ನಿಂತಿತ್ತು.

ಆ ಸಂಜೆ ಅವಳು ಹೇಳಿದ್ದು ಚೆನ್ನಾಗಿ ನೆನಪಿದೆ: "ನಾಳೆ ಎಂಟಕ್ಕೆ ಹೊಲ ಅಳ್ಯಾಕೆ ಬತ್ತಾವ್ರೆ. ಏಳಕ್ಕೇ ಎಲ್ರೂ ಕೆರೆ ಏರಿ ಮೇಲಿರ್ಬೇಕು. ಚಿಕ್ಕಣ್ಣಂಗೆ ನೀನೇ ಹೋಗಿ ಹೇಳು."

ನಾನು ಹೋಗಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡಿ ಸುಸ್ತಾಗಿದ್ದೆ ಎಂದು ಬರೆಯಲು ಹೊರಟೆ. ಆದರೆ ಅಂದು ಭಾನುವಾರವಾಗಿತ್ತೇನೋ. ಚಿಕ್ಕಣ್ಣನ ಮಗ ಮಂಜನ ಫೋನಿಗೆ ಎರಡು ಸಾಲು ಕಳಿಸಿದೆ. ಕಾರ್ಖಾನೆಯ ಶಿಫ್ಟಿನಲ್ಲಿರುತ್ತಿದ್ದ ಅವನಿಗೆ ಡೈರಿಯ ಕಟ್ಟುಪಾಡು ಗೊತ್ತಿರಲಿಲ್ಲ. ಯಾರಿಗೂ ಸುದ್ದಿ ತಪ್ಪಬಾರದೆಂದು ತಾನೇ ಬರೆದು ಗ್ರೂಪಿಗೆ ಹಾಕಿದ.

ಪೊಲೀಸರು ಬೆಳಗಿನ ಐದಕ್ಕೇ ಬಂದರು. ಮನೆಮನೆಯಿಂದ ಜನರನ್ನು ವ್ಯಾನಿಗೆ ಹತ್ತಿಸಿದರು. ಗೌರಕ್ಕನನ್ನು ಡೈರಿಯಿಂದಲೇ ಕರೆದೊಯ್ದರು. ಸಂಜೆ ಎಲ್ಲರನ್ನೂ ಬಿಡುವಷ್ಟರಲ್ಲಿ ಹೊಲಗಳಲ್ಲಿ ಗುರುತಿನ ಕಲ್ಲು ನೆಟ್ಟಾಗಿತ್ತು.

ಊರು ಮಂಜನನ್ನು ಹಿಡಿಯಿತು. "ಮೇಷ್ಟ್ರೇ ಕಳ್ಸಿದ್ದು ಕಣ್ರೋ," ಎಂದು ಅವನು ಫೋನು ತೆಗೆದ. ಅಲ್ಲಿ, ಸಂದೇಶವನ್ನು ಅಳಿಸಲಾಗಿದೆ ಎಂಬುದಷ್ಟೇ ಇತ್ತು. ಅದು ಬೇರೆ ವಿಷಯ ಎಂದೆ ನಾನು. ಜನ ಮೇಷ್ಟ್ರನ್ನು ನಂಬಿದರು; ಪೊಲೀಸರಿಗೆ ಮುಟ್ಟಿಸುವವನು ಮಂಜನೇ ಎಂದಾಯಿತು. ನಾನು ಅಳಿಸಿದ್ದು ಅವರು ಮಂಜನನ್ನು ಹಿಡಿದ ಮೇಲೋ, ಮೊದಲೋ? ಮೊದಲೇ ಇರಬೇಕು.

ಹಸು ಈದ ಮೇಲೆ ಚಿಕ್ಕಣ್ಣ ಮತ್ತೆ ಡೈರಿಗೆ ಬಂದ. ಅವನು ಬಂದರೆ ಸಾಲಿನಲ್ಲಿ ಮಾತು ನಿಲ್ಲುತ್ತಿತ್ತು. ಗೌರಕ್ಕ ಮಾತ್ರ, "ಕರು ಹೆಂಗೈತೆ ಚಿಕ್ಕಣ್ಣ?" ಎಂದು ಎಲ್ಲರಿಗೂ ಕೇಳುವಂತೆ ಕೇಳುತ್ತಿದ್ದಳು.

ಅವಳು ಕಾಯಿಲೆ ಬಿದ್ದಾಗ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋಗಿ ಎಲ್ಲ ಹೇಳಿದೆ.

"ಅವತ್ತೇ ಗೊತ್ತಿತ್ತು ಕಣಪ್ಪ. ಮಂಜ ಸುಳ್ಳಾಡೋನಲ್ಲ. ನೀನೇ ಬಾಯ್ಬಿಡ್ತೀಯಾ ಅಂತ ಸುಮ್ಕಿದ್ದೆ." ಆಮೇಲೆ ಮಗ್ಗುಲಾದಳು. "ಸಾಯೋಳ್ ಹತ್ರ ಹೇಳಿ ಏನ್ ಬಂತು? ಚಿಕ್ಕಣ್ಣಂಗೆ ಹೇಳು."

ಹೂಂ ಎಂದೆ.

ಅವಳು ಹೋಗಿ ಎರಡು ವರ್ಷವಾಯಿತು. ಚಿಕ್ಕಣ್ಣನನ್ನು ಮಾತಾಡಿಸುವವನು ಈಗ ಊರಲ್ಲಿ ನಾನೊಬ್ಬನೇ. ಊಟ ಆಯ್ತಾ ಎಂದು ಕೇಳುತ್ತೇನೆ. ಆಯ್ತು ಮೇಷ್ಟ್ರೇ ಎನ್ನುತ್ತಾನೆ. ನನ್ನದು ದೊಡ್ಡ ಮನಸ್ಸು ಎಂದು ಊರಲ್ಲಿ ಹೆಸರಿದೆ.