ಬ್ರೂಸ್‌ಪೇಟೆಯ ಮನೆಯಲ್ಲಿ ಇಲಿ ಬಿದ್ದ ದಿನ

ಹೆದರುವುದು ನನ್ನ ಅತ್ತೆಗೆ ಒಂದು ಕಸುಬೇ ಆಗಿತ್ತು. ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿಕೊಂಡ ಗಳಿಗೆಯಿಂದ ಆ ಕೆಲಸ ಶುರುವಾಗುತ್ತಿತ್ತು. ಹಾಲು ಎರಡು ಸಲ ಉಕ್ಕಲೇಬೇಕು. ನಲ್ಲಿಯ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಬೇಕು. ಬೇಸಿಗೆಯಲ್ಲಿ ಮಗ ಕಚೇರಿಗೆ ಹೊರಟರೆ ಜೇಬಿಗೆ ಒಂದು ಉಳ್ಳಾಗಡ್ಡಿ ಹಾಕಿಯೇ ಕಳಿಸುತ್ತಿದ್ದರು, ಬಿಸಿಲು ಬಡಿಯದಿರಲಿ ಎಂದು. ಬಳ್ಳಾರಿಯ ಬಿಸಿಲಿಗೆ ಒಂದು ಉಳ್ಳಾಗಡ್ಡಿ ಯಾವ ಲೆಕ್ಕ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಅನ್ನುವ ಧೈರ್ಯ ಇರಲಿಲ್ಲ.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಮೂರೇ ಜನ: ಅತ್ತೆ, ಗುಮಾಸ್ತರಾಗಿದ್ದ ನನ್ನ ಗಂಡ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಏನಾದರೂ ತೀರ್ಮಾನ ಮಾಡುವುದಿದ್ದರೆ ಅತ್ತೆ ನಡುಮನೆಯಲ್ಲಿ ಕೂತು ಎರಡೂ ಅಂಗೈ ಮುಂದೆ ಚಾಚುತ್ತಿದ್ದರು. ಎಡಗೈ ನೋಡಿ, "ಹೋದ್ರ ಹಿಂಗಾದೀತು" ಅನ್ನುತ್ತಿದ್ದರು. ಬಲಗೈ ನೋಡಿ, "ಇದ್ರ ಹಂಗಾದೀತು" ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಕೈ ಭಾರವಾಗಿ ಕೆಳಗಿಳಿಯುತ್ತಿತ್ತು. ಆಮೇಲೆ ಆ ಮನೆಯಲ್ಲಿ ಅದಕ್ಕೆ ಎದುರು ಮಾತಿಲ್ಲ.

ಈ ಹೆದರಿಕೆಗೆ ಕಾರಣ ನನ್ನ ಗಂಡ ಹೇಳಿದ ಮೇಲೆ ನನಗೆ ತಿಳಿಯಿತು. ಅವರು ಹುಟ್ಟುವ ಮೊದಲು ಅತ್ತೆಗೆ ಇನ್ನೊಂದು ಗಂಡು ಮಗುವಿತ್ತು. ಊರಿಗೆ ಪ್ಲೇಗು ಬಂದ ಕಾಲ. ಮನೆಯಲ್ಲಿ ಇಲಿ ಬಿದ್ದರೆ, ಅಂದರೆ ತಾನಾಗಿ ಸತ್ತು ಬಿದ್ದರೆ, ಅದೇ ದಿನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹಾಕಿಕೊಂಡು ಇರುವುದು ಆಗಿನ ಪದ್ಧತಿ. ಇವರ ಮನೆಯಲ್ಲೂ ಇಲಿ ಬಿತ್ತು. ಅಮಾವಾಸ್ಯೆ ಕಳೆಯಲಿ ಎಂದು ಹಿರಿಯರು ಎರಡು ದಿನ ತಡಮಾಡಿದರು. ಗುಡಿಸಲಿಗೆ ಹೋದ ಮರುದಿನವೇ ಮಗುವಿನ ಕಂಕುಳಲ್ಲಿ ಗಡ್ಡೆ ಕಂಡಿತು. ಮೂರು ವರ್ಷದ ಮಗು. ಅತ್ತೆ ಈ ವಿಷಯವನ್ನು ನನ್ನೊಂದಿಗೆ ಒಮ್ಮೆಯೂ ಆಡಿರಲಿಲ್ಲ.

ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ಎಲ್ಲರ ಮನೆಯ ರೂಢಿ. ನನ್ನ ತವರು ಸಿರುಗುಪ್ಪ. ಅಪ್ಪ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು, ಮನೆಯ ಹಿಂದೆಯೇ ಕಾಲುವೆ, ಆಚೆಗೆ ಭತ್ತದ ಗದ್ದೆ. ಏಳನೇ ತಿಂಗಳಲ್ಲಿ ಅವ್ವ ಹಸಿರು ಸೀರೆ, ಬಳೆ, ಐದು ಥರದ ಉಂಡೆ ಹೊತ್ತು ಬಂದು ಕುಬುಸದ ಶಾಸ್ತ್ರ ಮಾಡಿದಳು. ಮರುದಿನ ನನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದಾಗ ಅತ್ತೆ ಅಂಗೈ ಚಾಚಿದರು.

"ಆ ರಸ್ತಿ ನೋಡೀರಿಲ್ಲೋ ಬೀಗತೀ? ಇಲ್ಲಿದ್ರ ದೊಡ್ಡ ಆಸ್ಪತ್ರಿ ಐತಿ, ಡಾಕ್ಟ್ರಮ್ಮ ಅದಾರ. ಅಲ್ಲಿ ಏನರ ಹೆಚ್ಚುಕಡಿಮಿ ಆದ್ರ ಯಾರ ಕೈ ಹಿಡಿಯೋಣು?"

"ಚೊಚ್ಚಲದ್ದು, ತವರ್‍ಯಾಗ ಆಗ್ಬೇಕಲ್ರಿ," ಎಂದಳು ಅವ್ವ.

"ರೂಢಿ ದೊಡ್ಡದೋ ಜೀವ ದೊಡ್ಡದೋ ಹೇಳ್ರಿ."

ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಕಣ್ಣೊರೆಸಿಕೊಂಡು ಅವ್ವ ಒಬ್ಬಳೇ ಬಸ್ಸು ಹತ್ತಿದಳು.

ಈಗ ಯೋಚಿಸಿದರೆ ಅತ್ತೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆಗ ಮಾತ್ರ ನನಗೆ ಜಗತ್ತಿನಲ್ಲಿ ಅವ್ವನ ಮಡಿಲು ಬಿಟ್ಟರೆ ಬೇರೇನೂ ಬೇಡವಾಗಿತ್ತು. ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅಳುತ್ತಿದ್ದೆ. ಎಂಟನೇ ತಿಂಗಳು ಬಿತ್ತು. ಎಂಟರಲ್ಲಿ ಬಸುರಿ ಊರು ಬಿಟ್ಟು ಹೋಗುವಂತಿಲ್ಲ, ಅದು ಇನ್ನೂ ದೊಡ್ಡ ಕಟ್ಟಳೆ. ಇನ್ನು ಮುಗಿಯಿತು ಅಂದುಕೊಂಡೆ.

ನಮ್ಮ ಗೋಡೆಗೆ ಹೊಂದಿಕೊಂಡು ಒಂದು ಕಾಳಿನ ಅಂಗಡಿ ಇತ್ತು. ಅಂಗಡಿಯ ಮುದುಕ ಶೆಟ್ಟರು ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ನೀರು ಹಿಡಿಯುವಾಗ ಗೋಡೆಯ ಮೇಲಿಂದ ತಮ್ಮ ತೆಲುಗಿನಲ್ಲಿ ಕೂಗಿ ಹೇಳಿದರು: "ಎಲುಕಲ ಮಂದು ಪೆಟ್ಟಿನಾನಮ್ಮಾ, ಮೀ ಇಂಟಿ ಪಿಲ್ಲಿ ಜಾಗ್ರತ್ತ." ಇಲಿ ಪಾಷಾಣ ಇಟ್ಟಿದ್ದಾರೆ, ನಮ್ಮ ಬೆಕ್ಕಿನ ಮೇಲೆ ಕಣ್ಣಿಡಬೇಕು. ಆಯಿತು ಎಂದು ತಲೆಯಾಡಿಸಿದೆ. ಬೆಕ್ಕನ್ನು ಒಳಗೆ ಕೂಡಿಹಾಕಿ ಆ ಮಾತನ್ನೇ ಮರೆತೆ.

ಮೂರನೆಯ ದಿನ ನಮ್ಮ ಅಡುಗೆಮನೆಯಲ್ಲಿ, ಬೀಸುವ ಕಲ್ಲಿನ ಪಕ್ಕ, ಹೆಗ್ಗಣದಷ್ಟು ದಪ್ಪದ ಇಲಿಯೊಂದು ಸತ್ತು ಬಿದ್ದಿತ್ತು. ಮೊದಲು ನೋಡಿದವರು ಅತ್ತೆ. ಅವರು ಕೂಗಲಿಲ್ಲ, ಗೋಡೆ ಹಿಡಿದುಕೊಂಡು ನಿಂತರು. ಅವರ ಮುಖದ ಬಣ್ಣ ಹೋಗಿತ್ತು.

ಗಂಡ ನಕ್ಕುಬಿಟ್ಟರು. "ಪ್ಲೇಗ್ ಹೋಗಿ ಯಾವ ಕಾಲ ಆತವ್ವಾ? ಯಾರರ ಪಾಷಾಣ ಇಟ್ಟಿರ್ತಾರ."

"ಯಾರಿಟ್ಟಾರ? ನೀ ಇಟ್ಟೀಯಾ? ನಾ ಇಟ್ಟೀನಾ?" ಅತ್ತೆ ನನ್ನ ಕಡೆ ತಿರುಗಿದರು. "ನಿನಗೇನರ ಗೊತ್ತೈತೇನವ್ವಾ?"

ಶೆಟ್ಟರ ಮಾತು ಆಗ ನೆನಪಾಯಿತು. ಹೇಳಬೇಕಾಗಿದ್ದದ್ದು ಅದೊಂದೇ. ಆದರೆ ಆ ಕ್ಷಣದಲ್ಲಿ ನನಗೆ ಕಂಡದ್ದು ಅತ್ತೆಯ ಮುಖವಲ್ಲ, ಸಿರುಗುಪ್ಪದ ಬಸ್ಸು. ಇಲಿ ಬಿದ್ದ ಮನೆಯಲ್ಲಿ ಬಸುರಿಯನ್ನು ಇವರು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂದು ಮನಸ್ಸಿಗೆ ಹೊಳೆದುಹೋಗಿತ್ತು.

"ಇಲ್ಲರಿ ಅತ್ತಿ," ಎಂದೆ.

ಅತ್ತೆ ಅಂಗೈ ಚಾಚಲಿಲ್ಲ. ಎಂಟನೇ ತಿಂಗಳು ಒಂದು ಕಡೆ, ಇಲಿ ಒಂದು ಕಡೆ; ತೂಗುವುದಕ್ಕೂ ಅವರು ನಿಲ್ಲಲಿಲ್ಲ. "ಲೇ, ಬಸ್ಸಿನ ಟೈಮ್ ಕೇಳ್ಕೊಂಡು ಬಾ," ಎಂದು ಮಗನನ್ನು ಅಟ್ಟಿದರು. ಒಂದೇ ಏಟಿಗೆ ಸಿರುಗುಪ್ಪದ ತನಕ ಕುಲುಕಾಟ ಬೇಡ, ಕುರುಗೋಡಿನಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಮುಂದೆ ಹೋಗಲಿ ಎಂದು ಗೊತ್ತುಮಾಡಿದರು. ಇಲಿಯನ್ನು ಹಳೆಯ ಬಟ್ಟೆಯಲ್ಲಿ ಹಿಡಿದು ಹಿತ್ತಲಲ್ಲಿ ಸೀಮೆಎಣ್ಣೆ ಸುರಿದು ತಾವೇ ಸುಟ್ಟರು. ಯಾರ ಮುಂದೆಯೂ ಬಾಯಿಬಿಡಬೇಡಿ, ಮುನ್ಸಿಪಾಲಿಟಿಯವರು ಬಂದು ಮನೆಗೆ ಬೀಗ ಜಡಿಯುತ್ತಾರೆ ಎಂದು ನಮ್ಮಿಬ್ಬರಿಂದ ಮಾತು ತೆಗೆದುಕೊಂಡರು. ಹಾಗಾಗಿ ಶೆಟ್ಟರ ಕಿವಿಗೂ ವಿಷಯ ಹೋಗಲಿಲ್ಲ.

ಹೊರಡುವಾಗ ನೋಡಿದರೆ ಅತ್ತೆಯ ಬಟ್ಟೆಗಂಟು ಇರಲಿಲ್ಲ. "ನೀವೂ ಬರ್ರಿ ಅತ್ತಿ," ಎಂದೆ.

"ಇಲಿ ಮುಟ್ಟಿದಾಕಿ ನಾನು. ನನಗೇನರ ಅಂಟಿದ್ರ ಅದು ನಿನ್ನ ಕೂಡ ಬಸ್ಸು ಹತ್ತಬಾರದು. ನಡಿ, ಹೊತ್ತಾತು."

ಆಗಲೂ ನಾನು ಬಾಯಿಬಿಡಲಿಲ್ಲ. ಅವರು ಬಾಗಿಲಿನಲ್ಲಿ ದೂರವೇ ನಿಂತು ಕೈಯೆತ್ತಿದರು. ಸಾವು ಹೊಕ್ಕಿದೆ ಎಂದು ತಾವು ನಂಬಿದ್ದ ಮನೆಯಲ್ಲಿ ಒಬ್ಬರೇ ಉಳಿದರು. ನಾನು ಬಸ್ಸಿನಲ್ಲಿ ಕೂತು ಅವ್ವ ಮಾಡುವ ಕಾಯಿ ಹೋಳಿಗೆಯ ಬಗ್ಗೆ ಯೋಚಿಸುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಕುರುಗೋಡಿಗೆ ಇನ್ನೂ ನಾಲ್ಕಾರು ಮೈಲಿ ಇರುವಾಗ ಸೊಂಟದಲ್ಲಿ ನೋವು ಹಿಡಿಯಿತು. ಗಂಡ ನನ್ನ ತೋಳು ಹಿಡಿದುಕೊಂಡು ಡ್ರೈವರನಿಗೆ ನಿಧಾನ, ನಿಧಾನ ಎಂದು ಬೇಡಿಕೊಳ್ಳುತ್ತಿದ್ದರು. ಬೆಟ್ಟ ಕಂಡದ್ದು ನೆನಪಿದೆ, ದೊಡ್ಡತ್ತೆಯ ಮನೆಯ ತಣ್ಣನೆಯ ಬಂಡೆಹಾಸು ನೆನಪಿದೆ. ಸೂಲಗಿತ್ತಿ ಓಡಿ ಬಂದಳು. ಸಂಜೆಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಅದು ಅಳಲಿಲ್ಲ, ಕೀರಲಾಗಿ ಒಂದು ಸದ್ದು ಮಾಡಿತು ಅಷ್ಟೆ. ದೊಡ್ಡತ್ತೆ ಹಿಂಜಿದ ಅರಳೆಯಲ್ಲಿ ಅದನ್ನು ಸುತ್ತಿ ಬುಟ್ಟಿಯಲ್ಲಿಟ್ಟರು. ಮೂರು ದಿನ ಕಳೆದರೆ ನೋಡೋಣ ಎಂದು ಸೂಲಗಿತ್ತಿ ನನ್ನ ಮುಖ ನೋಡದೆ ಹೇಳಿದಳು.

ಅವ್ವ ಸಿರುಗುಪ್ಪದಿಂದ ಮರುದಿನವೇ ಬಂದಳು. ನಾನು ಬಯಸಿದ್ದ ಮಡಿಲು ಸಿಕ್ಕಿತು, ಆದರೆ ಅದರಲ್ಲಿ ತಲೆಯಿಟ್ಟರೂ ನನಗೆ ನೆಮ್ಮದಿ ಇರಲಿಲ್ಲ. ಗಂಡ ಬಳ್ಳಾರಿಗೆ ಹೋಗಿ ಸುದ್ದಿ ಹೇಳಿ ಬಂದರು. ಅತ್ತೆ ಬರಲಿಲ್ಲ. ಎಲ್ಲರೂ ಒಂದೊಂದು ಮಾತಾಡಿದರು. ಹೆಣ್ಣು ಹುಟ್ಟಿತೆಂದು ಬೇಸರವೇನೋ ಎಂದಳು ಅವ್ವ. ಅವರು ಯಾಕೆ ಬಂದಿಲ್ಲ ಎಂದು ನನಗೆ ಗೊತ್ತಿತ್ತು. ತಮಗೆ ಜ್ವರ ಬರುತ್ತದೋ ಇಲ್ಲವೋ ಎಂದು ದಿನ ಎಣಿಸುತ್ತಾ ಕೂತಿದ್ದರು.

ಹನ್ನೊಂದನೆಯ ದಿನ ಬೆಳಿಗ್ಗೆ ಬಂದು ಅಂಗಳದಲ್ಲೇ ನಿಂತರು. ಬೇವಿನೆಲೆ ಹಾಕಿದ ನೀರಿನಲ್ಲಿ ಮಿಂದು, ತೊಳೆದ ಸೀರೆ ಉಟ್ಟು ಬಂದಿದ್ದರು. ಒಳಗೆ ಬಾ ಎಂದರೆ ಬರಲೊಲ್ಲರು. "ಕೂಸಿನ್ನ ದೂರಲಿಂದ ತೋರಸ್ರಿ ಸಾಕು," ಎಂದರು. ದೊಡ್ಡತ್ತೆಯೇ ರಟ್ಟೆ ಹಿಡಿದು ಎಳೆದು ತಂದರು. ಬುಟ್ಟಿಯಲ್ಲಿದ್ದದ್ದನ್ನು ನೋಡಿ ಅತ್ತೆ ನನ್ನ ಹಾಸಿಗೆಯ ಪಕ್ಕ ಕುಸಿದು ಕೂತರು.

"ಒಂದು ಸಲ ತಡ ಮಾಡಿ ಒಂದು ಕಳಕೊಂಡೆ. ಈ ಸಲ ಅವಸರ ಮಾಡಿ ಇನ್ನೊಂದು ಕಳಕೊಳ್ಳಾಕ ಹೊಂಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ್ಲಿ. ತಪ್ಪಾತವ್ವಾ."

ಅತ್ತೆ ಸೊಸೆಯ ಮುಂದೆ ತಪ್ಪಾಯಿತು ಅನ್ನುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಎಲ್ಲರೂ ಅದನ್ನು ಬಾಣಂತಿಯ ಅಳು ಅಂದುಕೊಂಡರು. ಮೊದಲ ದಿನ ಸಣ್ಣದಿದ್ದ ಸುಳ್ಳು ಈಗ ನನ್ನ ಬಾಯಲ್ಲಿ ಹಿಡಿಸದಷ್ಟು ದೊಡ್ಡದಾಗಿತ್ತು.

ಆ ದಿನದಿಂದ ಕೂಸು ಬುಟ್ಟಿಗೆ ಹೋಗಲಿಲ್ಲ. ಅತ್ತೆ ಅದನ್ನು ತಮ್ಮ ಕುಬುಸದೊಳಗೆ ಬರಿಮೈಗೆ ಆನಿಸಿ, ಮೇಲೆ ಸೆರಗು ಸುತ್ತಿ ಕೂರುತ್ತಿದ್ದರು. ನಾನು ಹಾಲು ಹಿಂಡಿಕೊಟ್ಟರೆ ಅರಳೆಯ ಬತ್ತಿ ಅದ್ದಿ ತುಟಿಗೆ ಹನಿಸುತ್ತಿದ್ದರು. ಗೋಡೆಗೆ ಒರಗಿ ಕೂತೇ ನಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಕೂಸು ಜೋರಾಗಿ ಅತ್ತಿತು. ಅತ್ತೆ ಮೊದಲ ಸಲ ನಕ್ಕರು.

ಮಗಳು ಬದುಕಿದಳು, ಬೆಳೆದಳು, ನನಗಿಂತ ಎತ್ತರವಾದಳು. ಆದರೆ ಅತ್ತೆ ಮತ್ತೆ ಯಾವತ್ತೂ ಅಂಗೈ ಚಾಚಲಿಲ್ಲ. ಹಾಲು ಉಕ್ಕಿಸಿದರು, ನೀರು ಸೋಸಿದರು. ಹೋಗಲೋ ಬೇಡವೋ ಎಂದು ಯಾರಾದರೂ ಕೇಳಿದರೆ ಮಾತ್ರ, "ನನ್ನ ಕೇಳಬ್ಯಾಡ್ರಿ, ನನಗ ತಿಳಿಯಂಗಿಲ್ಲ," ಅನ್ನುತ್ತಿದ್ದರು. ಮೊದಮೊದಲು ನನಗೆ ಅದು ಬಿಡುಗಡೆ ಅನ್ನಿಸಿತು. ಮನೆಯ ಯಜಮಾನಿಕೆ ನನ್ನ ಕೈಗೆ ಬಂದಿತ್ತು. ಮಗಳಿಗೆ ಜ್ವರ ಬಂದು, ಆಸ್ಪತ್ರೆಗೆ ಈಗಲೇ ಒಯ್ಯಲೇ, ಬೆಳಗಾಗಲಿ ಎನ್ನಲೇ ಎಂದು ನಾನು ತಳಮಳಿಸುವಾಗ ಅವರು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಆಗ ಆ ಎರಡು ಅಂಗೈಗಾಗಿ ನಾನು ಎಷ್ಟು ಹಂಬಲಿಸಿದೆನೋ ಹೇಳಲಾರೆ. ಅವುಗಳನ್ನು ಮಡಚಿಸಿದವಳು ನಾನೇ.

ಎಂಬತ್ತರ ದಶಕದ ಕೊನೆಯಲ್ಲಿ ಮಗಳಿಗೆ ಸಿರುಗುಪ್ಪದ ಆಚೆಯ ಒಂದು ಹಳ್ಳಿಯಲ್ಲಿ ಮಾಸ್ತರಿಕೆಯ ಆರ್ಡರ್ ಬಂತು. ಹಳ್ಳಿಯಲ್ಲೇ ಕೋಣೆ ಮಾಡಿಕೊಂಡು ಒಬ್ಬಳೇ ಇರಬೇಕು. ಕಾಗದ ಹಿಡಿದುಕೊಂಡು ಅವಳು ನೆಟ್ಟಗೆ ಅಜ್ಜಿಯ ಹತ್ತಿರ ಹೋದಳು.

"ಹೋಗ್ಲೇನಜ್ಜಿ?"

"ನನ್ನ ಕೇಳಬ್ಯಾಡವ್ವಾ. ನಿಮ್ಮವ್ವನ್ನ ಕೇಳು."

ಹುಡುಗಿಯ ಮುಖ ಸಣ್ಣದಾಯಿತು. ಅವಳು ಹೊರಗೆ ಹೋದ ಮೇಲೆ ನಾನು ಒಲೆ ಆರಿಸಿ ಅತ್ತೆಯ ಎದುರು ಕೂತೆ. ಅವರು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ಶೆಟ್ಟರು ಗೋಡೆಯ ಮೇಲಿಂದ ಕೂಗಿದ್ದು, ನಾನು ಕೇಳಿಸಿಕೊಂಡದ್ದು, ಇಲ್ಲರಿ ಅಂದದ್ದು, ಎಲ್ಲ ಹೇಳಿದೆ. ಇಷ್ಟು ವರ್ಷ ಸುಮ್ಮನಿದ್ದದ್ದನ್ನೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

ಅವರ ಕೈ ಬೇಳೆಯಲ್ಲಿ ನಿಂತುಹೋಯಿತು. ತಲೆಯೆತ್ತಿ ಕೇಳಿದರು:

"ತವರಿಗೆ ಹೋಗಬೇಕನಸ್ತೈತಿ ಅಂತ ಒಂದು ಮಾತು ಅನ್ನಾಕ ಬರಲಿಲ್ಲೇನವ್ವಾ ನಿನಗ? ಪ್ಲೇಗಿಗಿಂತ ನಾನ ಹೆಚ್ಚಾಗಿದ್ನೇನು?"

ಇಲ್ಲ ಅನ್ನಬಹುದಿತ್ತು. ಈ ಸಲ ಸುಳ್ಳು ಬೇಡ ಅನ್ನಿಸಿತು. "ಹೌದರಿ ಅತ್ತಿ. ನಿಮಗ ಭಾಳ ಹೆದರ್ತಿದ್ದೆ," ಎಂದೆ.

ಅವರ ಕಣ್ಣು ತುಂಬಿ ನೀರು ಮೊರದೊಳಗೆ ಬಿತ್ತು. ಒರೆಸಿಕೊಳ್ಳಲಿಲ್ಲ. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟು, "ಈಗ?" ಎಂದರು.

"ಈಗಿಲ್ಲ."

"ಹಂಗಾರ ಖರೇ ಹೇಳು. ಹುಡುಗಿನ್ನ ಕಳಸಾಕ ಮನಸೈತೇನು?"

"ಇಲ್ಲರಿ ಅತ್ತಿ," ಎಂದೆ. "ಅಕಿನ್ನ ಬಿಟ್ಟಿರಾಕ ನನಗ ಆಗಂಗಿಲ್ಲ."

"ಅದನ್ನ ಅಕಿ ಮುಂದ ಹೇಳು," ಎಂದರು ಅತ್ತೆ. "ಬಾಯಿಬಿಟ್ಟು ಹೇಳು. ಹೇಳಿ ಆಮ್ಯಾಲ ಕಳಿಸು."

ನಾನು ಎದ್ದು ಮಗಳಿದ್ದಲ್ಲಿಗೆ ಹೋದೆ.