ಫೋನಿನಲ್ಲಿ ಕೂಡಿದ ಹಾಡು

2022ರಲ್ಲಿ ನಾನು ಬಿ.ಎಡ್. ಎರಡನೆಯ ವರ್ಷದಲ್ಲಿದ್ದೆ. ಅನಂತಪುರದ ಹಾಸ್ಟೆಲಿನ ನಮ್ಮ ಕೋಣೆಯಲ್ಲಿ ಮೂವರಿದ್ದೆವು. ನಾನು ಮತ್ತು ಗೌರಿ ರಾಯದುರ್ಗದವರು, ನಮ್ಮ ಮನೆಗಳು ಅಕ್ಕಪಕ್ಕದ ಬೀದಿಯಲ್ಲಿವೆ. ಭಾಗ್ಯ ಮಡಕಶಿರದಿಂದಾಚೆ, ರೊಳ್ಳದ ಕಡೆಯ ಹಳ್ಳಿಯವಳು. ಅವರ ಮನೆಯಲ್ಲಿ ರೇಷ್ಮೆ ಸಾಕಣೆ. ಮೂವರದ್ದೂ ಮನೆಮಾತು ಕನ್ನಡವೇ ಆದರೂ ನಮ್ಮ ಕನ್ನಡ ಅವಳಿಗೆ ನಗು ತರಿಸುತ್ತಿತ್ತು, ಅವಳದು ನಮಗೆ. ಜಗಳ ಬಂದರೆ ಮಾತ್ರ ಮೂವರೂ ತೆಲುಗಿಗೆ ಇಳಿಯುತ್ತಿದ್ದೆವು.

ಭಾಗ್ಯ ಬಟ್ಟೆ ಒಗೆಯುವಾಗ ಒಂದು ಹಾಡು ಹೇಳಿಕೊಳ್ಳುತ್ತಿದ್ದಳು. ಮದುವೆಯಲ್ಲಿ ಹೆಣ್ಣು-ಗಂಡು ಇಬ್ಬರನ್ನೂ ಹಸೆಗೆ ಕರೆಯುವ ಹಾಡು, ಅವಳ ಅಜ್ಜಿಯಿಂದ ಬಂದದ್ದು. ಅವಳ ದನಿ ದಪ್ಪ. ಗಂಡುದನಿ ಎಂದು ಶಾಲೆಯಲ್ಲಿ ಪ್ರಾರ್ಥನೆಗೂ ಅವಳನ್ನು ಮುಂದೆ ನಿಲ್ಲಿಸಿರಲಿಲ್ಲವಂತೆ. ನಮ್ಮ ತಾತ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಅದರ ಮೂರು ಕೀ ಒಟ್ಟಿಗೆ ಒತ್ತಿದಾಗ ಬರುವ ತುಂಬುನಾದ ನನಗೆ ಚಿಕ್ಕಂದಿನಿಂದ ಇಷ್ಟ. ಹಾರ್ಮೋನಿಯಂ ಪೆಟ್ಟಿಗೆ ಮಾಡುವ ಕೆಲಸವನ್ನು ಮೂರು ಗಂಟಲು ಯಾಕೆ ಮಾಡಬಾರದು ಎಂಬ ಹುಚ್ಚು ನನಗೆ ಹತ್ತಿತು. ಗೌರಿಗೆ ಹಾಡಿನ ಮೂಲ ಧಾಟಿ, ನನಗೆ ಅದರ ಮೇಲಿನದು, ಭಾಗ್ಯಳಿಗೆ ಕೆಳಗಿನದು. ನೋಟ್‌ಬುಕ್ಕಿನಲ್ಲಿ ಮೂರು ಬಣ್ಣದ ಪೆನ್ನಿನಲ್ಲಿ ಸ್ವರ ಬರೆದೆ. ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ, ಆದರೆ ಹುಕುಂ ಮಾತ್ರ ದೊಡ್ಡ ವಿದುಷಿಯದು.

ಹಾಸ್ಟೆಲಿನಲ್ಲಿ ಅದು ಒಂದು ದಿನವೂ ಕೂಡಲಿಲ್ಲ. ಮೊದಲ ಸಾಲನ್ನು ಮೂವರೂ ಮೂರು ದಾರಿಯಲ್ಲಿ ಶುರು ಮಾಡುತ್ತಿದ್ದೆವು, ಎರಡನೆಯ ಸಾಲಿಗೆ ಎಲ್ಲರೂ ಗೌರಿಯ ದಾರಿಗೇ ಬಂದು ಸೇರುತ್ತಿದ್ದೆವು. ಹಾಗಾಗದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಪಕ್ಕದ ಕೋಣೆಯವರು ಗೋಡೆ ಬಡಿದು, "ಏದೋ ಒಕಟಿ ಪಾಡಂಡಮ್ಮಾ", ಯಾವುದಾದರೂ ಒಂದನ್ನು ಹಾಡಿರಮ್ಮಾ, ಎಂದು ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಇಂಟರ್ನ್‌ಶಿಪ್ ಬಂತು. ಅವರವರ ಊರಿನ ಹತ್ತಿರದ ಶಾಲೆಗಳಲ್ಲಿ ಪಾಠ ಮಾಡಬೇಕು. ನಾನು, ಗೌರಿ ರಾಯದುರ್ಗಕ್ಕೆ ಬಂದೆವು, ಭಾಗ್ಯ ತನ್ನೂರಿಗೆ ಹೋದಳು. ನವೆಂಬರಿನಲ್ಲಿ ರಾಯದುರ್ಗದ ಕನ್ನಡದವರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡುವುದಿತ್ತು. ನಮ್ಮ ಶಾಲೆಯ ಹೆಡ್‌ಮಾಸ್ಟರು, "ಟೀಚರ್ರ, ನೀವೂ ಒಂದು ಹಾಡು ಹೇಳ್ರಿ" ಅಂದರು. ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಭಾಗ್ಯಳಿಗೆ ಫೋನು ಮಾಡಿ ಹೇಳಿದೆ.

"ಸ್ಟೇಜ್ ಮೇಲಾ? ನಾನಾ?"

"ಹೂನಲೇ, ನೀನ. ಹಾಡು ನಿಮ್ಮಜ್ಜೀದು, ನೀನಿಲ್ದ ಹೆಂಗ?"

ಹಾಗೆ ಶುರುವಾಯಿತು ನಮ್ಮ ಫೋನಿನ ಅಭ್ಯಾಸ. ದಿನಾ ಸಂಜೆ ಆರಕ್ಕೆ ಗೌರಿ ನಮ್ಮ ಮನೆಗೆ ಬರುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯಲ್ಲಿ ಇಡುತ್ತಿದ್ದೆವು. ಆ ಕಡೆ ಭಾಗ್ಯ ಸೊಪ್ಪು ಕೊಯ್ದು ಮುಗಿಸಿ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತು ಹಾಡುತ್ತಿದ್ದಳು. ಅವರ ಹಳ್ಳಿಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ದೂರದಲ್ಲಿದ್ದುದರಿಂದಲೋ ಏನೋ, ಈಗ ಯಾರೂ ಇನ್ನೊಬ್ಬರ ಧಾಟಿಗೆ ಜಾರುತ್ತಿರಲಿಲ್ಲ. ಒಂದೇ ತೊಂದರೆ ಎಂದರೆ ಭಾಗ್ಯಳ ದನಿ ಯಾವಾಗಲೂ ಒಂದು ಚೂರು ಹಿಂದೆ ಬರುತ್ತಿತ್ತು.

"ಭಾಗ್ಯಾ, ಲೇಟಾಗಾಕತ್ತೈತಿ. ಸ್ವಲ್ಪ ಮುಂದ ಬಾ."

"ನಿಮ್ ಜೊತ್ಗೇ ಹಾಡ್ತಾ ಇದೀನಲ್ಲೇ?"

"ಇಲ್ಲ, ಇಲ್ಲಿ ಲೇಟಾಗಿ ಕೇಳ್ತೈತಿ."

"ಆಯ್ತು ಕಣೆ. ಇನ್ನೊಂದ್ ಸಲ ಹಾಡಾನ."

ಅವಳು ವಾದ ಮಾಡುವವಳಲ್ಲ. ವಾರ ಎರಡು ವಾರ ನಾನು ಇದನ್ನೇ ಹೇಳಿದೆ. ಬರಬರುತ್ತ ಅವಳು ಸರಿಹೋದಳು. ಒಂದು ಸಂಜೆ ಮೂರು ದನಿಗಳೂ ಒಟ್ಟಿಗೆ ಕೂಡಿ ನಿಂತವು. ಗೌರಿ ತನ್ನ ಸಾಲನ್ನು ಮರೆತು ನನ್ನ ಕೈ ಹಿಡಿದಳು. ಒಳಗೆ ರೊಟ್ಟಿ ತಟ್ಟುತ್ತಿದ್ದ ನಮ್ಮವ್ವ ಹೊರಗೆ ಬಂದು ನಿಂತಳು. ನನಗೆ ಎಷ್ಟು ಖುಷಿಯಾಯಿತೆಂದರೆ ಫೋನಿಗೇ ಶಹಬ್ಬಾಸ್ ಹೇಳಿದೆ. ಆ ಕಡೆಯಿಂದ ಭಾಗ್ಯ, "ಸರಿ ಬಂತಾ? ನಿಜವಾಗ್ಲೂ ಬಂತಾ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ, "ಸ್ಟೇಜ್ ಮೇಲೆ ಉಟ್ಕೊಳ್ಳಾಕೆ ನಮ್ಮವ್ವ ಸೀರೆ ತೆಗೆದಿಟ್ಟವ್ಳೆ" ಅಂದಳು.

ಒಂದೆರಡು ದಿನ ಮೊದಲೇ ಬಾ ಎಂದು ಕರೆದರೆ ಅವಳಿಗೆ ಆಗಲಿಲ್ಲ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಬಿಡುವ ಸಮಯ, ಮನೆಯಲ್ಲಿ ಒಂದು ಕೈ ಕಡಿಮೆಯಾದರೂ ನಡೆಯದು. ಕಾರ್ಯಕ್ರಮದ ದಿನವೇ ಪಾವಗಡ, ಕಲ್ಯಾಣದುರ್ಗ ಎಂದು ಬಸ್ಸು ಬದಲಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಬಂದಳು. ಹಾಡು ಐದಕ್ಕೆ. ಉಂಡು ಕೈ ತೊಳೆದವರೇ ನಮ್ಮ ಮನೆಯ ನಡುಕೋಣೆಯಲ್ಲಿ ಸಾಲಾಗಿ ನಿಂತೆವು.

ಮೊದಲ ಸಾಲಿಗೇ ಭಾಗ್ಯ ನಮಗಿಂತ ಮುಂದೆ ಓಡಿದಳು. ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಮತ್ತೆ ಮುಂದೆ. ನಾವು ಬಾಯಿ ತೆರೆಯುವ ಮೊದಲೇ ಅವಳ ದಪ್ಪ ದನಿ ಬಂದು ಕೂತಿರುತ್ತಿತ್ತು, ನಾನೂ ಗೌರಿಯೂ ಅದರ ಹಿಂದೆ ಎಡವುತ್ತಿದ್ದೆವು. ಹತ್ತು ಸಲ ಹಾಡಿದರೂ ಅಷ್ಟೇ. ಅವಳ ಮುಖದಲ್ಲಿ ಬೆವರಿಳಿಯುತ್ತಿತ್ತು. ನನಗೆ ತಲೆ ಕೆಟ್ಟಿತು.

"ಫೋನಿನ್ಯಾಗ ಚೆಂದ ಹಾಡ್ತಿದ್ದೆಲ್ಲ, ಇಲ್ಲಿ ಬಂದು ಏನಾತು ನಿನಗ? ನಮ್ಮ ಮರ್ಯಾದಿ ತೆಗೀಬೇಕಂತ ಮಾಡೀಯೇನು?"

"ಅದೇ ತರಾನೇ ಹಾಡ್ತಾ ಇದೀನಿ ಕಣೆ" ಅಂದಳು ಮೆಲ್ಲಗೆ.

ಗಡಿಯಾರ ನಾಲ್ಕು ದಾಟಿತ್ತು. ಆಗ ನಾನು ಆಡಬಾರದ ಮಾತು ಆಡಿದೆ. "ಒಂದು ಕೆಲಸ ಮಾಡು. ನೀನು ಬರೀ ಬಾಯಿ ಆಡಿಸು. ದನಿ ತೆಗೀಬ್ಯಾಡ."

ಗೌರಿ ನೆಲ ನೋಡಿದಳು. ನಮ್ಮವ್ವ, "ಏ ಸುಮಂಗಲಾ!" ಅಂದಳು. ಭಾಗ್ಯ ಮಾತ್ರ, "ಆಯ್ತು ಬಿಡು" ಎಂದು ಹೇಳಿ ಸೀರೆ ಉಡಲು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅದರ ಅರ್ಥ ನನಗೆ ಆಗ ಆಗಲಿಲ್ಲ. ಹಾಡು ಉಳಿಯಿತಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ವೇದಿಕೆಯ ಮೇಲೆ ಎರಡು ದನಿಯ ಹಾಡು ಹಾಡಿದೆವು. ಭಾಗ್ಯ ಅವರವ್ವನ ಹಸಿರು ಸೀರೆ ಉಟ್ಟು ನನ್ನ ಪಕ್ಕದಲ್ಲಿ ನಿಂತು, ಒಂದು ಅಕ್ಷರ ತಪ್ಪದಂತೆ ಬಾಯಿ ಆಡಿಸಿದಳು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಕೆಳಗಿಳಿದಾಗ ವಯಸ್ಸಾದ ಒಬ್ಬ ಹೆಂಗಸು ಬಂದು ಮೂವರ ಗಲ್ಲವನ್ನೂ ಸವರಿ, ಭಾಗ್ಯಳಿಗೆ, "ನೀನೂ ಭಾಳ ಚೆಂದ ಹಾಡಿದ್ಯವ್ವಾ" ಅಂದರು. ಅವಳು ಬಾಗಿ ಅವರ ಕಾಲು ಮುಟ್ಟಿದಳು. ಮರುದಿನ ಮೊದಲ ಬಸ್ಸಿಗೆ ಊರಿಗೆ ಹೋದಳು. ಆಮೇಲೆ ನಾನು ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಮೆಸೇಜಿಗೆ "ಸರಿ", "ಆಯ್ತು" ಎಂದಷ್ಟೇ ಉತ್ತರ ಬರುತ್ತಿತ್ತು.

ಒಂದು ವಾರ ಕಳೆದಿರಬೇಕು. ನನ್ನ ಫೋನಿನಲ್ಲಿ ಬಂದ ಹೋದ ಕರೆಗಳೆಲ್ಲ ತಾವಾಗಿಯೇ ರೆಕಾರ್ಡ್ ಆಗುತ್ತವೆ. ಜಾಗ ಸಾಲದೆ ಹಳೆಯವನ್ನು ಅಳಿಸುತ್ತ ಕೂತಿದ್ದಾಗ ನಮ್ಮ ಅಭ್ಯಾಸದ ಒಂದು ಕರೆ ಸಿಕ್ಕಿತು. ಹಾಕಿದೆ. ಮೂರು ದನಿ, ಒಂದೇ ಉಸಿರು. ಶೇಂಗಾ ಸುಲಿಯುತ್ತಿದ್ದ ನಮ್ಮವ್ವ ಕೈ ನಿಲ್ಲಿಸಿ ಕೇಳಿ, "ಆ ಹುಡುಗಿ ಇಷ್ಟು ಚೆಂದ ಹಾಡ್ಯಾಳ. ಮತ್ತ ಯಾಕ ಬಾಯಿ ಮುಚ್ಚಿಸಿದಿ?" ಅಂದಳು.

ಉತ್ತರ ಸಿಕ್ಕಿದ್ದು ಅದರ ಮರುದಿನ, ನಮ್ಮ ಮನೆಯ ಮಾಳಿಗೆಯ ಮೇಲೆ. ಮೆಣಸಿನಕಾಯಿ ಒಣಹಾಕುತ್ತ ಗೌರಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಿಂದಿನ ಬೀದಿಯ ತನ್ನ ಮಾಳಿಗೆಯ ಮೇಲೆ ಅವಳೂ ನಿಂತಿದ್ದಳು, ನನಗೆ ಕಾಣುತ್ತಿದ್ದಳು. ಅವರ ಹಪ್ಪಳಕ್ಕೆ ಕಾಗೆ ಬಂತೆಂದು ಅವಳು ಚಪ್ಪಾಳೆ ತಟ್ಟಿದಳು. ಅವಳ ಕೈ ಕೂಡಿದ್ದು ಕಣ್ಣಿಗೆ ಕಂಡಿತು. ಕಾಗೆ ಹಾರಿತು. ಅದಾದ ಮೇಲೆ ಫೋನಿನಲ್ಲಿ ಚಪ್ಪಾಳೆ ಕೇಳಿಸಿತು.

"ಗೌರಿ, ಇನ್ನೊಮ್ಮೆ ತಟ್ಟು" ಅಂದೆ. ಮೂರು ಸಲ ತಟ್ಟಿಸಿದೆ. ಮೂರು ಸಲವೂ ಸದ್ದು ಹಿಂದೆಯೇ ಬಂತು.

ಹಿಂದಿನ ಬೀದಿಯಿಂದ ಬರುವುದಕ್ಕೇ ಫೋನು ಇಷ್ಟು ತಡ ಮಾಡುತ್ತದೆ. ನಮ್ಮ ಹಾಡು ಭಾಗ್ಯಳಿಗೆ ತಲುಪಲು ಒಂದು ತಡ, ಅವಳದು ನಮಗೆ ಬರಲು ಇನ್ನೊಂದು ತಡ. ಮೊದಲ ದಿನದಿಂದಲೂ ಅವಳು ಸರಿಯಾಗಿಯೇ ಹಾಡಿದ್ದಳು. ಮುಂದ ಬಾ, ಮುಂದ ಬಾ ಎಂದು ದಿನಾ ಹೇಳಿ ಹೇಳಿ ನಾನೇ ಅವಳಿಗೆ ತಪ್ಪು ಕಲಿಸಿದ್ದೆ. ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಹಾಡಿದ್ದಕ್ಕೆ ಬಾಯಿ ಮುಚ್ಚಿಸಿದ್ದೆ.

ಆ ಭಾನುವಾರ ಅವಳ ಊರಿಗೆ ಹೋದೆ. ಗೂಡು ಮಾರಿ ಆಗಿತ್ತು, ಭಾಗ್ಯ ಹುಳುಮನೆಯನ್ನು ತೊಳೆಯುತ್ತಿದ್ದಳು. ನನ್ನನ್ನು ನೋಡಿ ಪೊರಕೆ ಕೆಳಗಿಟ್ಟು, "ಹೇಳ್ದೆ ಕೇಳ್ದೆ ಬಂದ್ಬಿಟ್ಟೆ, ಊಟ ಆಯ್ತಾ?" ಅಂದಳು. ಊಟ ಆಮೇಲೆ ಎಂದು, ಗೌರಿಯ ಚಪ್ಪಾಳೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಅಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತಳು. "ನನ್ ಕಡೆ ನೀವೇ ಲೇಟಾಗಿ ಕೇಳ್ತಿದ್ರಿ ಕಣೆ" ಅಂದಳು.

"ಮತ್ತ ಯಾಕ ಹೇಳ್ಲಿಲ್ಲ?"

"ಹಾಡು ಕೂಡ್ಸಿದ್ದು ನೀನು. ನಿನ್ ಕಡೆ ಸರಿಯಾಗಿದ್ರೆ ಸಾಕು ಅನ್ಕಂಡೆ. ನೀವು ಹಾಡೋದು ಕಿವಿಗೆ ಬಿದ್ರೆ ನಂಗೆ ತಪ್ಪೋಗ್ತಿತ್ತು. ಅದ್ಕೆ ನೀನು ಶುರು ಅಂದಿದ್ದೇ ತಡ, ನಿಮ್ಗಿಂತ ಮುಂಚೆನೇ ಎತ್ಕಂಡು, ಫೋನ್ನ ಕಿವಿಯಿಂದ ದೂರ ಹಿಡ್ಕಂಡು, ಒಬ್ಳೇ ತಾಳ ಹಾಕ್ಕಂಡು ಹಾಡ್ತಿದ್ದೆ." ಆಮೇಲೆ, "ಮೂರೂ ಸೇರಿದ್ರೆ ಹೆಂಗಿರ್ತದೆ ಅಂತ ನಾನು ಒಂದಿನಾನೂ ಕೇಳಿಲ್ಲ" ಅಂದಳು.

ನಾನು ಫೋನಿನಲ್ಲಿದ್ದ ಆ ಕರೆಯನ್ನು ಹಾಕಿ ಅವಳ ಕೈಗೆ ಕೊಟ್ಟೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ, "ಕೆಳಗಿಂದು ನಂದಾ?" ಎಂದು ಕೇಳಿದಳು. ಹೂಂ ಅಂದೆ. ಮತ್ತೊಮ್ಮೆ ಹಾಕಿಸಿಕೊಂಡಳು. ಮೂರನೆಯ ಸಲ ಅವರವ್ವನನ್ನು ಕೂಗಿ ಕರೆದಳು.

ಈಗ ನಾನು ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಮಕ್ಕಳು ಹಾಡುವಾಗ ಹಿಂದೆ ಬಿದ್ದರೆ ಬಯ್ಯುವ ಮೊದಲು, ನಿನಗ ಹೆಂಗ ಕೇಳಾಕತ್ತೈತಿ ಎಂದು ಕೇಳುತ್ತೇನೆ. ಹೋದ ವರ್ಷ ಗೌರಿಯ ಮದುವೆಯಲ್ಲಿ ನಾನೂ ಭಾಗ್ಯಳೂ ಎದುರುಬದುರು ಕೂತು ಅದೇ ಹಾಡು ಹೇಳಿದೆವು, ಮದುಮಗಳೂ ಹಸೆಯ ಮೇಲಿಂದಲೇ ದನಿಗೂಡಿಸಿದಳು. ಚೆನ್ನಾಗಿಯೇ ಬಂತು. ಎಲ್ಲರೂ ಹೊಗಳಿದರು, ಭಾಗ್ಯಳೂ ನಕ್ಕಳು. ಆದರೂ ಅವರವ್ವ ತೆಗೆದಿಟ್ಟ ಸೀರೆ ಉಟ್ಟು ಅವಳು ದನಿಯಿಲ್ಲದೆ ನಿಂತ ಆ ಸಂಜೆಯನ್ನು ಅವಳಿಗೆ ವಾಪಸು ಕೊಡುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.